ಮೂರು ಟೇಬಲ್, ಒಂದು ಕೈ

ಹನ್ನೊಂದನೆಯ ಚೆಂಡನ್ನು ಟವೆಲ್ಲಿನಲ್ಲಿ ಒರೆಸುತ್ತಿದ್ದಾಗ ಅದು ಅವಳ ಬೆರಳುಗಳ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು.

ಇದೇನೂ ಹೊಸ ಕೆಲಸವಲ್ಲ. ಪೂಲ್ ಹಾಲ್‌ನ ಹಿಂಬದಿಯ ನಲ್ಲಿಯ ಹತ್ತಿರ ಕೂತು, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಬಿಟ್ಟು, ಹದಿನಾರು ಚೆಂಡುಗಳನ್ನೂ ತೊಳೆದು ಒರೆಸಿಡುವುದು ದಿನಾ ಬೆಳಿಗ್ಗೆ ಅವಳು ನಡೆಸಿಕೊಂಡು ಬಂದ ಪದ್ಧತಿ. ಚೆಂಡಿನ ಮೇಲೆ ಎಣ್ಣೆಯ ಒಂದು ಬೆರಳಚ್ಚು ಉಳಿದರೂ ಅದು ಟೇಬಲ್ಲಿನ ಮೇಲೆ ಸುಳ್ಳು ಹೇಳುತ್ತದೆ ಅನ್ನುವವಳು ಅವಳು. ಇಪ್ಪತ್ತು ವರ್ಷಗಳಲ್ಲಿ ಒಂದು ಚೆಂಡೂ ಅವಳ ಕೈಯಿಂದ ಬಿದ್ದದ್ದಿಲ್ಲ. ಈ ವಾರದಲ್ಲಿ ಇದು ಮೂರನೆಯದು.

ಚೆಂಡು ಟಕ್ಕೆಂದು ಪುಟಿದು, ಉರುಳುತ್ತಾ ಹೋಗಿ, ಬಾಗಿಲಲ್ಲಿ ನಿಂತಿದ್ದ ಟೇಬಲ್ ಮೇಸ್ತ್ರಿಯ ಚಪ್ಪಲಿಗೆ ತಾಗಿ ನಿಂತಿತು.

ಅವಳು ಬಲಗೈಯನ್ನು ಸರಕ್ಕನೆ ಟವೆಲ್ಲಿನೊಳಗೆ ಎಳೆದುಕೊಂಡಳು. ಟವೆಲ್ಲಿನ ಒಳಗೆ ಹೆಬ್ಬೆರಳು ತೋರುಬೆರಳಿನ ಮೇಲೆ ತಾನೇ ತಾನಾಗಿ ಆಡುತ್ತಿತ್ತು, ಯಾರೋ ಕಾಣದ ದಾರವನ್ನು ಹೊಸೆಯುತ್ತಿರುವ ಹಾಗೆ. ನಿಲ್ಲು ಎಂದರೆ ನಿಲ್ಲುತ್ತಿರಲಿಲ್ಲ.

ಮೇಸ್ತ್ರಿ ಬಗ್ಗಿ ಚೆಂಡು ಎತ್ತಿಕೊಂಡ. ಅವನ ಬಾಯಲ್ಲಿ ಎಂದಿನಂತೆ ಸಣ್ಣ ಮೊಳೆಗಳಿದ್ದವು. ಟೇಬಲ್ಲಿಗೆ ಬಟ್ಟೆ ಎಳೆದು ಬಿಗಿಯುವಾಗ ಕೈ ಎರಡೂ ಬೇಕಲ್ಲ, ಹಾಗಾಗಿ ಮೊಳೆಗಳಿಗೆ ಬಾಯೇ ಪೆಟ್ಟಿಗೆ. ಮಾತಾಡಬೇಕೆಂದರೆ ತುಟಿಯ ಒಂದು ಅಂಚಿನಿಂದಲೇ ಆಡುತ್ತಿದ್ದ. ಮೊಳೆಗಳನ್ನು ಹೊರಗೆ ತೆಗೆದನೆಂದರೆ ವಿಷಯ ದೊಡ್ಡದು ಎಂದು ಅರ್ಥ.

"ಸೋಪು ಜಾಸ್ತಿ ಆಗಿರ್ಬೇಕು," ಎಂದ, ತುಟಿಯ ಅಂಚಿನಿಂದ. ಚೆಂಡನ್ನು ತನ್ನ ಅಂಗಿಗೇ ಒರೆಸಿ ಸಾಲಿನಲ್ಲಿಟ್ಟು ಹೋದ.

ಅವನು ಹೋದ ಮೇಲೂ ಅವಳು ಅಲ್ಲೇ ಕೂತಿದ್ದಳು. ಬಕೆಟ್ಟಿನ ನೀರು ತಣ್ಣಗಾಗುವವರೆಗೂ.

ಹಾಲ್‌ನಲ್ಲಿ ಎಲ್ಲರೂ ಅವಳನ್ನು ಮಿಲಿಮೀಟರ್ ಎಂದು ಕರೆಯುತ್ತಿದ್ದರು. ವಯಸ್ಸು ನಲವತ್ತೊಂದು, ಕೆಲಸ ಟೇಬಲ್ ಪರೀಕ್ಷೆ. ಯಾವ ಕಂಪನಿಯ ಪೂಲ್ ಟೇಬಲ್ ಹೇಗೆ ಆಡುತ್ತದೆ, ಯಾವುದರ ಕುಶನ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಚೆಂಡನ್ನು ಹೇಗೆ ಹಿಂದಕ್ಕೆ ಕಳಿಸುತ್ತದೆ ಎಂದು ಆಡಿ ನೋಡಿ ವರದಿ ಬರೆಯುವುದು. ಆಟಗಾರರ ಸಂಘದವರು ಈ ಸಲ ಹನ್ನೆರಡು ಟೇಬಲ್ ಕೊಳ್ಳುವವರಿದ್ದರು. ಮೂರು ಕಂಪನಿಗಳಿಂದ ಒಂದೊಂದು ಬಂದಿತ್ತು. ಹೆಸರು ನೋಡಿ ಮನಸ್ಸು ವಾಲಬಾರದೆಂದು ಸಂಘದ ಸೆಕ್ರೆಟರಿ ಮೂರರ ಹೆಸರಿನ ಪಟ್ಟಿಗೂ ಕಂದು ಕಾಗದ ಅಂಟಿಸಿ, ಒಂದು, ಎರಡು, ಮೂರು ಎಂದು ಬರೆಸಿದ್ದರು. ಹತ್ತು ದಿನ ಆಡಿ, ಶನಿವಾರದೊಳಗೆ ವರದಿ ಕೊಡಬೇಕು.

ಅಂಕಿಯಿಂದ ಕರೆದರೆ ಟೇಬಲ್ಲಿಗೆ ಬೇಜಾರಾಗುತ್ತದೆ ಎಂದು ಅವಳೇ ಮೊದಲ ದಿನ ಮೂರಕ್ಕೂ ಹೆಸರಿಟ್ಟಿದ್ದಳು. ಒಂದನೆಯದು ಅತ್ತೆ. ಬಾಯಿ ಬಿಗಿದ ಪಾಕೆಟ್ಟು, ಸಪಾಟಾದ ನುಣುಪು ಬಟ್ಟೆ. ಚೆಂಡು ಒಂದು ಕೂದಲೆಳೆ ಆಚೀಚೆ ಆದರೂ ಪಾಕೆಟ್ಟಿನ ತುಟಿಯಲ್ಲಿ ಎರಡು ಸಲ ತಲೆಯಾಡಿಸಿ ಅಲ್ಲೇ ನಿಲ್ಲುತ್ತದೆ, ಒಳಗೆ ಬಾ ಎನ್ನುವುದಿಲ್ಲ. ಎರಡನೆಯದು ದೊಡ್ಡಮ್ಮ. ಬಟ್ಟೆಯಲ್ಲಿ ಸ್ವಲ್ಪ ರೋಮ, ನಡಿಗೆ ನಿಧಾನ, ಪಾಕೆಟ್ಟು ಅಗಲ. ಹೇಗೆ ಹೊಡೆದರೂ "ಪಾಪ, ಬಿಡು" ಎಂದು ನುಂಗಿಕೊಳ್ಳುತ್ತದೆ. ಕಲಿಯುವವರಿಗೆ ಚೆಂದ, ಪಂದ್ಯಕ್ಕಲ್ಲ. ಮೂರನೆಯದು ಮದುಮಗಳು. ಹೊಳಪು, ವೇಗ, ಕುಶನ್ನಿಗೆ ತಾಗಿದರೆ ಗಿಲಕಿಯಂಥ ಸದ್ದು. ಆದರೆ ಯಾವಾಗ ಮುನಿಸಿಕೊಳ್ಳುತ್ತದೋ ತಿಳಿಯದು.

ಈ ಮದುಮಗಳ ಮುನಿಸೇ ಅವಳ ನಿದ್ದೆ ಕೆಡಿಸಿತ್ತು.

ನಿಧಾನವಾಗಿ ಹೊಡೆದರೆ ಎಲ್ಲ ಸರಿ. ಸ್ವಲ್ಪ ಜೋರಾಗಿ ಹೊಡೆದು ಎರಡು ಕುಶನ್ ತಾಗಿಸಿ ಮೂಲೆಗೆ ತರುವ ಹೊಡೆತದಲ್ಲಿ ಮಾತ್ರ ಚೆಂಡು ತಪ್ಪಿ ಹೋಗುತ್ತಿತ್ತು. ಹತ್ತರಲ್ಲಿ ಐದು. ಒಮ್ಮೆ ಹತ್ತರಲ್ಲಿ ನಾಲ್ಕು. ಇದೇ ಹೊಡೆತವನ್ನು ಕಣ್ಣು ಮುಚ್ಚಿ ಹತ್ತಕ್ಕೆ ಹತ್ತು ಹಾಕುತ್ತಿದ್ದವಳು ಅವಳು. ಪ್ರತಿ ಸಲ ತಪ್ಪಿದಾಗಲೂ ಅವಳು ಟೇಬಲ್ಲನ್ನು ನೋಡುತ್ತಿರಲಿಲ್ಲ. ತನ್ನ ಕೈಯನ್ನು ನೋಡುತ್ತಿದ್ದಳು.

ತಪ್ಪು ಟೇಬಲ್ಲಿನದೋ, ಕೈಯದೋ?

ಅದನ್ನು ತಿಳಿಯಲು ದಾರಿ ಇರಲಿಲ್ಲವೆಂದಲ್ಲ. ಅವಳ ಚೀಲದಲ್ಲಿ ಒಂದು ಜಾರುಹಲಗೆ ಇತ್ತು, ನಡುವೆ ಗೀರು ಕೊರೆದ ಮರದ ಇಳಿಜಾರು. ಚೆಂಡನ್ನು ಅದರ ತುದಿಯಿಂದ ಬಿಟ್ಟರೆ ಪ್ರತಿ ಸಲವೂ ಅದೇ ವೇಗ, ಅದೇ ದಿಕ್ಕು. ಅಲ್ಲಿ ಮನುಷ್ಯರ ಕೈ ಎಂಬುದೇ ಇಲ್ಲ. ಯಾವ ಪರೀಕ್ಷೆಯನ್ನೂ ಅವಳು ಶುರು ಮಾಡುತ್ತಿದ್ದದ್ದು ಜಾರುಹಲಗೆಯಿಂದಲೇ. ಈ ಸಲ ಏಳು ದಿನ ಕಳೆದರೂ ಅದನ್ನು ಹೊರಗೆ ತೆಗೆದಿರಲಿಲ್ಲ. ಹಲಗೆಯಿಂದ ಬಿಟ್ಟ ಚೆಂಡು ನೇರವಾಗಿ ಮೂಲೆಗೆ ಹೋಗಿಬಿಟ್ಟರೆ? ಆಮೇಲೆ ಅನುಮಾನ ಪಡಲಿಕ್ಕೂ ಏನೂ ಉಳಿಯುವುದಿಲ್ಲ. ಅನುಮಾನ ಎಷ್ಟೇ ಚುಚ್ಚಿದರೂ ಅದರೊಳಗೆ ಒಂದು ಬಾಗಿಲು ತೆರೆದಿರುತ್ತದೆ. ಅವಳು ಆ ಬಾಗಿಲ ಹತ್ತಿರವೇ ಕಾಲ ನೂಕುತ್ತಿದ್ದಳು.

ಅವಳ ಅಪ್ಪ ಅಂಗಡಿಗಳ ಬೋರ್ಡು ಬರೆಯುವವರು. ಏಣಿಯ ಮೇಲೆ ನಿಂತು ಅಳತೆಕೋಲಿಲ್ಲದೆ ಗೆರೆ ಎಳೆದರೆ ದಾರ ಹಿಡಿದ ಹಾಗೆ ಇರುತ್ತಿತ್ತು. ಒಂದು ವರ್ಷ ಅವರ ಬಲಗೈ ಜೇಬು ಸೇರಿತು. ಮಾತಾಡುವಾಗ, ನಡೆಯುವಾಗ, ಫೋಟೋಗೆ ನಿಂತಾಗ ಜೇಬಿನಲ್ಲೇ. ಅಕ್ಷರ ಸಣ್ಣದಾಗುತ್ತ ಇರುವೆಸಾಲಿನಂತಾಯಿತು. ಮೂರು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಏಣಿಯಿಂದ ಬಿದ್ದ ಮೇಲೆ ನಡುಕದ ಕಾಯಿಲೆ ಹೊರಬಿತ್ತು. ಆಮೇಲೆ ಹನ್ನೊಂದು ವರ್ಷ ಅಮ್ಮ ಅವರಿಗೆ ಚಮಚದಲ್ಲಿ ತಿನ್ನಿಸಿದಳು, ಗುಂಡಿ ಹಾಕಿದಳು, ಗಡ್ಡ ಹೆರೆದಳು. ಅಪ್ಪನ ಹಿಂದೆಯೇ ಅಮ್ಮನೂ ಹೋದಳು.

ಆ ಮನೆಯಲ್ಲಿ ಬೆಳೆದವಳಿಗೆ ಹೆಬ್ಬೆರಳು ಹಾಗೆ ದಾರ ಹೊಸೆಯುವುದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ಇಷ್ಟೇ ಆಗಿದ್ದರೆ ಅವಳೊಬ್ಬಳ ಪಾಡು. ಆದರೆ ನಾಲ್ಕು ತಿಂಗಳ ಹಿಂದೆ ಮೇಸ್ತ್ರಿ ಒಂದು ಕಾಗದ ಕೊಟ್ಟಿದ್ದ.

ಅವಳ ಕ್ಯೂಗೆ, ಅಂದರೆ ಹೊಡೆಯುವ ಕೋಲಿಗೆ, ಹೊಸ ಚರ್ಮದ ತುದಿ ಹಾಕಿ ಹಿಂದಿರುಗಿಸಿದಾಗ ಕ್ಯೂ ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದ. ಹದಿನಾಲ್ಕು ವರ್ಷಗಳಿಂದ ಇಬ್ಬರೂ ಒಂದೇ ಟೇಬಲ್ಲಿನ ಆಚೆ ಈಚೆ ಕೆಲಸ ಮಾಡಿದವರು. ಟೇಬಲ್ಲಿನ ಮಟ್ಟ ನೋಡುವಾಗ ಅವನು ಒಂದು ತುದಿಯಲ್ಲಿ, ಅವಳು ಇನ್ನೊಂದು ತುದಿಯಲ್ಲಿ ಮಂಡಿಯೂರಿ, ಗಲ್ಲವನ್ನು ಅಂಚಿಗೆ ಆನಿಸಿ, ಹಸಿರು ಬಟ್ಟೆಯ ಮೇಲಿಂದ ಕಣ್ಣು ಹಾಯಿಸುವುದು ರೂಢಿ. ಮಟ್ಟ ಸರಿಯಿದ್ದರೆ ಒಬ್ಬರಿಗೊಬ್ಬರ ಕಣ್ಣು ನೇರ ಕಾಣುತ್ತದೆ. ಮಟ್ಟ ಸರಿಯಾದ ಮೇಲೂ ಇಬ್ಬರೂ ಎಷ್ಟೋ ಹೊತ್ತು ಹಾಗೇ ನೋಡುತ್ತಿರುತ್ತಿದ್ದರು, ಕೆಲಸದ ನೆಪದಲ್ಲಿ. ಅವನ ಎಡಹುಬ್ಬಿನಲ್ಲಿ ಒಂದು ಬಿಳಿಕೂದಲು ಯಾವ ವರ್ಷ ಬಂತು ಎಂಬುದೂ ಅವಳಿಗೆ ಗೊತ್ತಿತ್ತು.

ಕಾಗದದಲ್ಲಿ ಹೆಚ್ಚೇನೂ ಇರಲಿಲ್ಲ. ತನಗೆ ನಲವತ್ತಾರು, ಮನೆಯಲ್ಲಿ ತಾನೊಬ್ಬನೇ, ವರ್ಷದಲ್ಲಿ ಅರ್ಧ ಊರೂರು ತಿರುಗುವ ಕೆಲಸ, ಅಡುಗೆ ತಕ್ಕಮಟ್ಟಿಗೆ ಬರುತ್ತದೆ, ಒಪ್ಪಿಗೆಯಿದ್ದರೆ ಮದುವೆಯಾಗೋಣ. ಕೊನೆಯಲ್ಲಿ ಬರೆದಿದ್ದ: "ಉತ್ತರ ಎದುರಿಗೆ ಹೇಳಬೇಡಿ, ಅಂಚೆಯಲ್ಲಿ ಕಳಿಸಿ. ಎದುರಿಗೆ ಹೇಳಿದರೆ ನಾನು ನಿಮ್ಮ ಮುಖ ನೋಡಿಕೊಂಡು ಇಲ್ಲ ಅನ್ನುವುದನ್ನೂ ಹೂಂ ಎಂದು ಓದಿಕೊಂಡುಬಿಡುತ್ತೇನೆ."

ಓದಿದ ದಿನ ಅವಳು ಮೂರು ಸಲ ಕನ್ನಡಿ ನೋಡಿಕೊಂಡಳು. ಉತ್ತರ ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಅಕ್ಷರ ವಕ್ರವಾಯಿತು. ಕಸದ ಬುಟ್ಟಿಗೆ ಹಾಕಿದಳು. ಮತ್ತೆ ಬರೆದಳು. ಸಾಲು ಬಲಕ್ಕೆ ಹೋದಂತೆ ಅಕ್ಷರ ಸಣ್ಣದಾಗುತ್ತಿತ್ತು, ಥೇಟ್ ಇರುವೆಸಾಲು. ಈ ಅಕ್ಷರ ನೋಡಿದರೆ ಅವನಿಗೆ ತಿಳಿದುಬಿಡುತ್ತದೆ ಎಂಬ ಭಯ. ತಿಳಿಯದ ಹಾಗೆ ಬರೆದು ಹೂಂ ಎಂದರೆ ಅದು ಮೋಸ ಎಂಬ ಭಯ. ಇಲ್ಲ ಎಂದು ಬರೆಯೋಣವೆಂದರೆ ಬೆರಳಿಗೆ ಆ ಪದವೇ ಬರುತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆಯಿತು. ಅವನು ಒಂದು ದಿನವೂ ಕೇಳಲಿಲ್ಲ.

ಮಂಗಳವಾರ ಕೆಲಸ ಮುಗಿಸುವಾಗ ಮಾತ್ರ ಅವನು ಸೆಕ್ರೆಟರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾನಂತೆ. ದೂರದ ಊರಿನಲ್ಲಿ ದೊಡ್ಡ ಕ್ಲಬ್ಬು, ಮೂವತ್ತು ಟೇಬಲ್, ಆರು ತಿಂಗಳ ಕೆಲಸ. ಅಲ್ಲೇ ಉಳಿದುಕೊಳ್ಳಿ ಎಂದೂ ಕೇಳುತ್ತಿದ್ದಾರಂತೆ. ನೋಡೋಣ, ಇಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಇದ್ದ ಹಾಗಿಲ್ಲ ಎಂದ. ತುಟಿಯ ಅಂಚಿನಿಂದಲೇ.



ಬುಧವಾರ ಬೆಳಿಗ್ಗೆ ಮದುಮಗಳ ಮೇಲೆ ಮತ್ತೆ ಅದೇ ಹೊಡೆತ. ತಪ್ಪಿತು. ಇನ್ನೊಂದು, ಅದೂ ತಪ್ಪಿತು. ಮೂರನೆಯದಕ್ಕೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು, ಕ್ಯೂ ಮುಂದಕ್ಕೆ ಹೋಗಲೊಲ್ಲದು.

ದೊಡ್ಡಮ್ಮನ ಅಂಚಿನ ಬಟ್ಟೆ ಸರಿಪಡಿಸುತ್ತಿದ್ದ ಮೇಸ್ತ್ರಿ ಎದ್ದು ಬಂದ.

"ಹಲಗೆ ತೆಗೀರಿ ಮೇಡಂ," ಎಂದ.

ಹಲಗೆ ತಂದಿಲ್ಲ ಎಂದು ಹೇಳಬೇಕೆಂದಿದ್ದಳು. ಅವನು ಆಗಲೇ ಅವಳ ಚೀಲದ ಬಾಯಿಂದ ಹೊರಗೆ ಚಾಚಿದ್ದ ಹಲಗೆಯ ತುದಿಯನ್ನೇ ನೋಡುತ್ತಿದ್ದ. ಈ ಸಲ ಯಾಕೆ ಇನ್ನೂ ತೆಗೆದಿಲ್ಲ ಎಂದು ಅವನು ಕೇಳಲಿಲ್ಲ. 

ಹಲಗೆಯನ್ನು ಅವನೇ ಇಟ್ಟ. ಗುರಿಯ ಗೆರೆ ಅವಳೇ ನೋಡಿದಳು. ಬಿಳಿ ಚೆಂಡನ್ನು ಇಳಿಜಾರಿನ ತುತ್ತತುದಿಯಲ್ಲಿ ಹಿಡಿದಾಗ ಅವಳಿಗೆ ಡಾಕ್ಟರ ಬಾಗಿಲ ಮುಂದೆ ನಿಂತ ಹಾಗಾಯಿತು.  ಬೆರಳು ಬಿಡಲೇ ಇಲ್ಲ.

"ಬಿಡಿ," ಎಂದ ಮೇಸ್ತ್ರಿ ಮೆಲ್ಲಗೆ. "ನಾನಿಲ್ವಾ."

ಬಿಟ್ಟಳು. ಚೆಂಡು ಸರ್ರನೆ ಇಳಿದು ಮೊದಲ ಕುಶನ್ನಿಗೆ ತಾಗಿ, ಎರಡನೆಯದಕ್ಕೆ ತಾಗಿ, ಮೂಲೆಯ ಪಾಕೆಟ್ಟಿನಿಂದ ನಾಲ್ಕು ಬೆರಳು ಆಚೆ ಹೋಗಿ ನಿಂತಿತು.

ತಪ್ಪಿತ್ತು. ಹಲಗೆಯಿಂದ ಬಿಟ್ಟ ಚೆಂಡೇ ತಪ್ಪಿತ್ತು.

ಇನ್ನೊಂದು ಸಲ. ಮತ್ತೆ ತಪ್ಪು. ಅದೇ ಹಲಗೆಯನ್ನು ಅತ್ತೆಯ ಮೇಲಿಟ್ಟು ಬಿಟ್ಟರೆ ಚೆಂಡು ಮರುಮಾತಿಲ್ಲದೆ ಒಳಗೆ ಹೋಯಿತು. ಮೇಸ್ತ್ರಿ ಮದುಮಗಳ ಕುಶನ್ನಿನ ಪಕ್ಕದಲ್ಲಿ ಮಂಡಿಯೂರಿ ಗಲ್ಲ ಆನಿಸಿದ. ಅವಳು ಮತ್ತೊಮ್ಮೆ ಬಿಟ್ಟಳು.

"ಹಾರ್ತಿದೆ," ಎಂದ ಅವನು. "ಕುಶನ್ನಿಗೆ ತಾಗಿದ ತಕ್ಷಣ ಅಕ್ಕಿಕಾಳಿನಷ್ಟು ಮೇಲೆ ಹಾರ್ತಿದೆ."

ಅವನ ಮುಖ ಬಿಳಿಚಿತು. ಎದ್ದು ತನ್ನ ಪೆಟ್ಟಿಗೆಯಲ್ಲಿ ತಡಕಾಡಿ ಎರಡು ಮರದ ತುಂಡುಗಳನ್ನು ತಂದು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತ. ಅವು ಕುಶನ್ನಿನ ಎತ್ತರ ಹಿಡಿಯುವ ಅಳತೆಗಳು. ಒಂದು ಪೂಲ್ ಚೆಂಡಿಗೆ, ಇನ್ನೊಂದು ಸ್ನೂಕರ್ ಆಟದ ಸಣ್ಣ ಚೆಂಡಿಗೆ. ಎರಡಕ್ಕೂ ವ್ಯತ್ಯಾಸ ಮೂರು ಮಿಲಿಮೀಟರ್. ಅತ್ತೆಗೂ ದೊಡ್ಡಮ್ಮನಿಗೂ ಕುಶನ್ ಕಾರ್ಖಾನೆಯಲ್ಲೇ ಕೂರಿಸಿ ಬರುತ್ತದೆ. ಮದುಮಗಳ ಕಂಪನಿಯವರು ಮಾತ್ರ ಅದನ್ನು ಜೋಡಿಸುವವನ ಕೈಗೇ ಬಿಡುತ್ತಾರೆ. ಅವನು ಸ್ನೂಕರಿನ ಅಳತೆ ಹಿಡಿದು ಕೂರಿಸಿಬಿಟ್ಟಿದ್ದ. ಕುಶನ್ ತಗ್ಗಾಗಿ, ಜೋರಾಗಿ ಬಂದ ಚೆಂಡು ಅದರ ಮೂತಿಗೆ ಎಡವಿ ಹಾರುತ್ತಿತ್ತು.

"ಇಪ್ಪತ್ತೈದು ವರ್ಷದಲ್ಲಿ ಇಂಥ ತಪ್ಪು ಮಾಡಿಲ್ಲ," ಎಂದ. ತಲೆ ಎತ್ತಲಿಲ್ಲ. "ಈ ಟೇಬಲ್ ಜೋಡಿಸೋ ದಿನ ನೀವು ನನ್ನ ಕಡೆ ನೋಡದೆ ಸೀದಾ ಒಳಗೆ ಹೋದ್ರಿ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲ್ನೇ ಸಲ. ಯಾವ ಅಳತೆ ಎತ್ಕೊಂಡೆ ಅನ್ನೋದೇ ನೋಡ್ಲಿಲ್ಲ."

ಅವನ ಮರ್ಯಾದೆಯ ಪ್ರಶ್ನೆ ಅದು. ಸಮಾಧಾನ ಹೇಳಬೇಕಾದವಳು ಅವಳು. ಅವಳಿಗೆ ನಗು ಬಂತು. ತಡೆಯಲಾರದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ತಪ್ಪು ಟೇಬಲ್ಲಿನದು! ತನ್ನ ಕೈಯದಲ್ಲ! ಅವನು ಪೆಚ್ಚಾಗಿ ನೋಡುತ್ತಿದ್ದವನು ಆಮೇಲೆ ತಾನೂ ನಕ್ಕ. ಆ ಮಧ್ಯಾಹ್ನ ಮನೆಗೆ ಹೋಗುವಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಜೊತೆಯಲ್ಲೇ ಇರುವ ಅಕ್ಕ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಿ, ಏನು ಲಾಟರಿ ಹೊಡೀತಾ ಎಂದು ಕೇಳಿದ್ದಕ್ಕೆ, ಹಾಗೇ ಅಂದ್ಕೋ ಎಂದು ಅಕ್ಕನ ಗಲ್ಲ ಹಿಂಡಿದಳು.

ಆ ಸಂತೋಷಕ್ಕೆ ಆಯುಸ್ಸು ಒಂದೇ ದಿನ.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಕುಶನ್ ಬಿಚ್ಚಿ ಸರಿಯಾದ ಅಳತೆಗೆ ಕೂರಿಸಿದ. ಹಲಗೆಯಿಂದ ಬಿಟ್ಟ ಚೆಂಡು ಹತ್ತಕ್ಕೆ ಹತ್ತು ಸಲ ಮೂಲೆ ಸೇರಿತು. ಮದುಮಗಳು ನಿಜಕ್ಕೂ ಮೂರರಲ್ಲಿ ಎತ್ತಿದ ಕೈ ಎಂದು ಆಗ ಗೊತ್ತಾಯಿತು. ಬಟ್ಟೆಯ ವೇಗಕ್ಕೂ ಕುಶನ್ನಿನ ಉತ್ತರಕ್ಕೂ ಅಷ್ಟು ಹೊಂದಾಣಿಕೆ. ಅವಳು ಉತ್ಸಾಹದಿಂದ ಕ್ಯೂ ಹಿಡಿದಳು.

ಹತ್ತರಲ್ಲಿ ಏಳು.

ಮತ್ತೆ ಆಡಿದಳು. ಏಳು. ಅತ್ತೆಯ ಹತ್ತಿರ ಹೋದಳು. ಆರು. ದೊಡ್ಡಮ್ಮನ ಹತ್ತಿರ ಓಡಿದಳು. ದೊಡ್ಡಮ್ಮ ಎಂದಿನ ಉದಾರತೆಯಿಂದ ಒಂಬತ್ತನ್ನು ನುಂಗಿಕೊಂಡಿತು. ಆ ಉದಾರತೆಯೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಕ್ಯೂವನ್ನು ಗೋಡೆಗೆ ಆನಿಸಲು ಹೋದರೆ ಅದು ಗೋಡೆಯ ಮೇಲೆ ಟಕಟಕಟಕ ಎಂದು ಸಣ್ಣಗೆ ಬಡಿದುಕೊಂಡಿತು. ಖಾಲಿ ಹಾಲ್‌ನಲ್ಲಿ ಆ ಸದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಇಡೀ ಬೀದಿಗೇ ಕೇಳಿರಬೇಕು ಎಂದುಕೊಂಡಳು. ಹೋಗಿ ಬೆಂಚಿನ ಮೇಲೆ ಕೂತು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಮೇಸ್ತ್ರಿ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟ. ಒಂಬತ್ತು ಮೊಳೆ. 

"ಮೇಡಂ, ಈ ವರ್ಷ ನಿಮ್ಮ ಕ್ಯೂಗೆ ಮೂರು ಸಲ ತುದಿ ಹಾಕಿದೀನಿ."

"ಹೂಂ."

"ನೀವು ಹಿಡಿಕೆಯ ಹೊಲಿಗೆ ಹೆಬ್ಬೆರಳ ಕೆಳಗೇ ಬರೋ ಹಾಗೆ ಹಿಡೀತೀರಿ, ಯಾವತ್ತೂ ಬದಲಾಯಿಸಲ್ಲ. ಮೊದಲ್ನೇ ತುದಿ ಸುತ್ತಲೂ ಒಂದೇ ಸಮ ಸವೆದಿತ್ತು. ಎರಡನೇದು ಬಲಗಡೆಗೆ ಸವೆದಿತ್ತು. ಮೂರನೇದು ಇನ್ನೂ ಜಾಸ್ತಿ."

ಅವಳು ಗೋಡೆಗೆ ಆನಿಸಿದ್ದ ಕ್ಯೂವಿನ ತುದಿ ನೋಡಿದಳು.

"ಆ ಎರಡನೇದನ್ನ ಬಿಚ್ಚಿದ ದಿನ ನನಗೆ ಊಟ ಸೇರಲಿಲ್ಲ," ಎಂದ. "ಹಿಡಿಕೆಗೆ ದಪ್ಪ ದಾರ ಸುತ್ತಿಕೊಟ್ಟೆ, ನೆನಪಿದೆಯಾ? ಅಂದಕ್ಕೆ ಅಂತ ಹೇಳಿದ್ದೆ. ಅಂದಕ್ಕಲ್ಲ."

"ಯಾವಾಗ ಅದು?"

"ಕಾಗದ ಕೊಡೋಕೆ ಎರಡು ತಿಂಗಳು ಮುಂಚೆ."

ಹಾಗಾದರೆ ಎಲ್ಲ ಗೊತ್ತಿದ್ದೂ ಕೇಳಿದ್ದ. ಅವಳಿಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಮುಚ್ಚಿಟ್ಟೆ ಎಂದುಕೊಂಡದ್ದನ್ನು ಇಷ್ಟು ದಿನ ಒಬ್ಬರು ನೋಡುತ್ತಲೇ ಇದ್ದರು ಎಂದರೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಹಾಗೆ.

"ಕರುಣೆ ಬಂತಾ?" ಎಂದಳು. ಮಾತು ಚುರುಕ್ಕೆನ್ನುವ ಹಾಗೆ ಬಂತು.

"ಕರುಣೆ ಬಂದ್ರೆ ಜನ ಒಂದು ಕಿಲೋ ಸೇಬು ತಂದ್ಕೊಡ್ತಾರೆ ಮೇಡಂ. ಮದುವೆ ಆಗ್ತೀರಾ ಅಂತ ಕೇಳಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಅವಳು ಎದ್ದುನಿಂತು, ನಿಮಗೆ ಗೊತ್ತಿಲ್ಲ, ಆ ಮನೆಯೊಳಗೆ ಇದ್ದವರಿಗೆ ಮಾತ್ರ ಗೊತ್ತು, ಇವತ್ತು ಚೆಂಡು ಜಾರುತ್ತದೆ, ನಾಳೆ ಲೋಟ, ಆಮೇಲೆ ಮನುಷ್ಯರೇ ಎಂದು ಏನೇನೋ ಹೇಳಿ, ಅವನ ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಅವನು ಹೇಳಿದ್ದು ಕೇಳಿಸಿತು. ನಾಳೆ ಹನ್ನೆರಡೂವರೆಗೆ ಬಸ್ಸು. ನಾನು ಇನ್ನೊಮ್ಮೆ ಕೇಳಿ ನಿಮಗೆ ಹಿಂಸೆ ಕೊಡಲ್ಲ.

ಶುಕ್ರವಾರ ಅವಳು ಹಾಲ್‌ಗೆ ಹೋಗಲಿಲ್ಲ. ಗಡಿಯಾರ ಹನ್ನೆರಡೂವರೆ ದಾಟುವುದನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡಿದಳು. ಬಸ್ಸು ಹೊರಟಿತು ಎಂದಾಗ ಬಂದ ಭಯವೇ ಬೇರೆ. ಅದುವರೆಗಿನ ಭಯಕ್ಕೆ ಒಂದು ಹೆಸರಿತ್ತು. ಇದಕ್ಕೆ ಹೆಸರಿಲ್ಲ, ಮನೆಯಿಡೀ ಖಾಲಿಯಾದ ಹಾಗೆ.

ಅಕ್ಕ ಅಂಗಿಗಳ ರಿಪೇರಿ ಕೆಲಸ ಮಾಡುವವಳು. ಮುಂದಿನ ಕೋಣೆಯಲ್ಲಿ ಮಷಿನ್ನು ಕಟಕಟ ಎನ್ನುತ್ತಿತ್ತು. ಅದು ನಿಂತಿತು. ಅಕ್ಕ ಕತ್ತರಿ ಹಿಡಿದುಕೊಂಡೇ ಬಂದು ಬಾಗಿಲಿಗೆ ಒರಗಿದಳು.

"ಅವನು ಹೋದ್ನಾ?"

"ಯಾರು?"

"ನಿನ್ನ ಕಸದ ಬುಟ್ಟಿಯಲ್ಲಿ ಇರ್ತಾನಲ್ಲ, ಅವನು. ನಾಲ್ಕು ತಿಂಗಳಿಂದ ನೀನು ಬರೆದು ಬಿಸಾಕಿದ ಕಾಗದದಲ್ಲಿ ನಾನು ಆರು ಕಾಲರಿನ ಪ್ಯಾಟ್ರನ್ ಕತ್ತರಿಸಿದೀನಿ. ಒಳ್ಳೇ ಕಾಗದ, ಮಡಿಕೆ ನಿಲ್ಲುತ್ತೆ. ನಿನ್ನ ಕೈ ವಿಷಯಾನೂ ಗೊತ್ತು. ನನಗೇನು ಕಣ್ಣಿಲ್ವಾ?"

ಅವಳು ತಲೆ ತಗ್ಗಿಸಿದಳು. ಅವರಿಗೆ ಕೈ ವಿಷಯ ಮೊದಲೇ ಗೊತ್ತಿತ್ತಂತೆ, ಆದರೂ ನನ್ನಿಂದ ಆಗಲ್ಲ ಅಕ್ಕ ಎಂದಳು. ಅಮ್ಮ ಪಟ್ಟ ಪಾಡನ್ನು ಇನ್ನೊಬ್ಬರ ಮೇಲೆ ಹೊರಿಸಲಾರೆ ಎಂದಳು.

ಅಕ್ಕ ಕತ್ತರಿಯನ್ನು ಕಟ್ಟೆಯ ಮೇಲಿಟ್ಟು ಅವಳ ಎದುರಿಗೆ ನೆಲದ ಮೇಲೆ ಕೂತಳು. ಮಾತು ನಿಧಾನವಾಗಿ ಬಂತು. "ಅಮ್ಮ ಯಾವುದಕ್ಕೆ ಅತ್ತಳು ಅಂತ ನಿನಗೆ ಗೊತ್ತಿಲ್ಲ. ನೀನು ಚಿಕ್ಕವಳು. ಹನ್ನೊಂದು ವರ್ಷ ತಿನ್ನಿಸಿದ್ಲಲ್ಲ, ಅದಕ್ಕೆ ಒಂದು ದಿನಾನೂ ಬೈಲಿಲ್ಲ. ಅದಕ್ಕಿಂತ ಮೊದಲು ಅಪ್ಪ ಮೂರು ವರ್ಷ ಕೈ ಜೇಬಲ್ಲಿಟ್ಟುಕೊಂಡು ಓಡಾಡಿದ್ರಲ್ಲ, ಅದಕ್ಕೆ ಸಾಯೋವರೆಗೂ ಬೈತಿದ್ಲು. ನನ್ನನ್ನ ಹೊರಗಿನವಳ ಹಾಗೆ ನಡೆಸಿಕೊಂಡ್ರು, ಒಂದು ಮಾತು ಹೇಳಿದ್ರೆ ಏಣಿ ನಾನು ಹಿಡ್ಕೊಳ್ತಿರಲಿಲ್ವಾ, ಅಂತ."

ಅವಳು ಅಕ್ಕನ ಮುಖ ನೋಡಿದಳು.

"ಅಮ್ಮನ್ನ ಯಾರೂ ಕೇಳಲಿಲ್ಲ ಕಣೇ," ಎಂದಳು ಅಕ್ಕ. "ಇವನು ಕಣ್ಣು ಬಿಟ್ಟುಕೊಂಡು ತಾನಾಗೇ ಬಂದು ಕೇಳ್ತಿದಾನೆ. ನೀನು ಅವನ ಪರವಾಗಿ ಬೇಡ ಅನ್ನೋಕೆ ಯಾರು?"

ಇಷ್ಟು ಹೇಳಿ ಅಕ್ಕ ಎದ್ದು ಹೋದಳು. ಮಷಿನ್ನು ಮತ್ತೆ ಕಟಕಟ ಎಂದಿತು.

ಅವಳು ಕಾಗದ, ಪೆನ್ನು ತಂದುಕೊಂಡು ಮೊದಲು ಸಂಘದ ವರದಿ ಬರೆದು ಮುಗಿಸಿದಳು. ಆಮೇಲೆ ಇನ್ನೊಂದು ಕಾಗದ ತೆಗೆದು ಅಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಉತ್ತರ ಬರೆದಳು. ಮೊದಲ ಸಾಲು ವಕ್ರವಾಯಿತು. ಬುಟ್ಟಿಗೆ ಹಾಕಲಿಲ್ಲ. ಅಕ್ಷರ ಬಲಕ್ಕೆ ಹೋಗುತ್ತ ಸಣ್ಣದಾಯಿತು. ಆಗಲಿ ಎಂದು ಬಿಟ್ಟಳು. ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟು ನೀರು ಕುಡಿದಳು.

"ಮೇಸ್ತ್ರಿಗಳೇ, ಈ ಅಕ್ಷರ ನೋಡಿಯೇ ನಿಮಗೆ ಎಲ್ಲ ತಿಳಿಯುತ್ತದೆ. ಇದಕ್ಕಿಂತ ಚೆನ್ನಾಗಿ ಬರೆಯುವ ದಿನಕ್ಕೆ ಕಾದು ನಾಲ್ಕು ತಿಂಗಳು ಕಳೆದೆ, ಆ ದಿನ ಇನ್ನು ಬರಲಿಕ್ಕಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ನಿಮಗೆ ಬರೆಯುತ್ತೇನೆ. ನನಗೆ ತುಂಬ ಭಯವಾಗುತ್ತಿದೆ. ನಿಮ್ಮನ್ನು ಬಿಟ್ಟು ಭಯಪಡುವುದಕ್ಕಿಂತ ನಿಮ್ಮ ಪಕ್ಕದಲ್ಲಿ ಕೂತು ಭಯಪಡುವುದು ವಾಸಿ ಅನ್ನಿಸಿದೆ. ಮೂರನೆಯ ಟೇಬಲ್ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ವರದಿಯಲ್ಲಿ ಬರೆದಿದ್ದೇನೆ, ಅಳತೆ ತಪ್ಪಿದ್ದನ್ನೂ ಬರೆದಿದ್ದೇನೆ, ನನ್ನ ಕೈ ನಡುಗುವುದನ್ನೂ ಬರೆದಿದ್ದೇನೆ, ಇನ್ನು ಮೇಲೆ ಪರೀಕ್ಷೆ ಹಲಗೆಯಿಂದಲೇ ಎಂದು. ನೀವು ಕೇಳಿದ್ದಕ್ಕೆ ನನ್ನ ಉತ್ತರ ಹೂಂ. ಇದನ್ನು ಬೇರೆ ರೀತಿ ಓದಿಕೊಳ್ಳಬೇಡಿ."

ಶನಿವಾರ ಬೆಳಿಗ್ಗೆ ಸೆಕ್ರೆಟರಿಗೆ ವರದಿ ಕೊಟ್ಟು, ಕ್ಲಬ್ಬಿನ ವಿಳಾಸ ಕೇಳಿ ಲಕೋಟೆಯ ಮೇಲೆ ಬರೆದುಕೊಂಡು ಅಂಚೆ ಕಚೇರಿಗೆ ಹೋದಳು. ಹೊರಗಿನ ಕೆಂಪು ಡಬ್ಬದ ಮುಂದೆ ಐದು ನಿಮಿಷ ನಿಂತಳು. ಅದರಲ್ಲಿ ಹಾಕಿದರೆ ಕೈ ಮತ್ತೆ ಒಳಗೆ ತೂರಿ ತೆಗೆದುಕೊಂಡೀತೆಂದು ತನ್ನ ಮೇಲೇ ಅಪನಂಬಿಕೆಯಾಗಿ, ಒಳಗೆ ಹೋಗಿ ಕೌಂಟರಿನ ಸಾಲಿನಲ್ಲಿ ನಿಂತಳು. ಮುಂದೆ ನಾಲ್ಕು ಜನ. ನಾಲ್ಕು ಮೂರಾಯಿತು, ಮೂರು ಎರಡಾಯಿತು. 

ಕೌಂಟರಿನ ಗುಮಾಸ್ತೆ ಲಕೋಟೆಯನ್ನು ತೂಗಿ, ಕನ್ನಡಕ ಹಣೆಗೇರಿಸಿ, ವಿಳಾಸವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಇದು ಒಂದಾ, ಏಳಾ?"

"ಏಳು," ಎಂದಳು ಅವಳು. ಆಮೇಲೆ ಹೇಳಿದಳು, "ನನ್ನ ಕೈ ನಡುಗುತ್ತೆ."

ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು.  ಹಿಂದಿದ್ದವರು ಕೇಳಿಸಿಕೊಂಡರೋ ಎಂದು ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ.

"ಓ, ಹೌದಾ," ಎಂದಳು ಗುಮಾಸ್ತೆ. ತನ್ನ ಪೆನ್ನಿನಿಂದ ಆ ಅಂಕಿಯ ಮೇಲೆ ದಪ್ಪಗೆ ಏಳು ಎಂದು ತಿದ್ದಿದಳು. ಸ್ಟಾಂಪು ಅಂಟಿಸಿ, ಮುದ್ರೆಯನ್ನು ಟಪ್ಪೆಂದು ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲದೊಳಕ್ಕೆ ಹಾಕಿ, ಮುಂದಿನವರು ಬನ್ನಿ ಎಂದಳು.